ಅಕ್ಕನ ಕೈ, ನನ್ನ ಬಾಟಲಿಗಳು

ನನ್ನ ಕಾರಿನ ಡಿಕ್ಕಿ ತೆಗೆದರೆ ಸ್ಟೆಪ್ನಿ ಕಾಣಿಸುವುದಿಲ್ಲ, ಬಾಟಲಿಗಳು ಕಾಣಿಸುತ್ತವೆ. ಗಾಜಿಗೊಂದು, ಟೈರಿಗೊಂದು, ಸೀಟಿಗೊಂದು, ಡ್ಯಾಶ್‌ಬೋರ್ಡಿಗೆ ಎರಡು. ಹೆಂಡತಿ ಇದನ್ನು ಔಷಧಿ ಅಂಗಡಿ ಎನ್ನುತ್ತಾಳೆ. ಕಾರು ಬಿಳಿಯದು, ಇನ್ನೊಬ್ಬರ ಬಳಿ ಐದು ವರ್ಷ ದುಡಿದು ನನ್ನ ಬಳಿ ಬಂದದ್ದು. ನನ್ನ ನೌಕರಿ ನಂದೂರಿನ ಒಂದು ಬೇಳೆ ಮಿಲ್ಲಿನ ಆಫೀಸಿನಲ್ಲಿ. ಬೆಳಿಗ್ಗೆ ಕಾರು ನಿಲ್ಲಿಸಿ ಒಳಗೆ ಹೋದರೆ ಸಂಜೆಯ ಹೊತ್ತಿಗೆ ಅದರ ಮೇಲೆ ತೊಗರಿ ಹೊಟ್ಟಿನ ಧೂಳು ಕೂತು ಬಣ್ಣವೇ ಬದಲಾಗಿರುತ್ತದೆ. ಇಂಥ ಕಡೆ ಬಿಳಿ ಕಾರು ಕೊಂಡವನಿಗೆ ಮೊದಲೇ ತಲೆ ಕೆಟ್ಟಿರಬೇಕು, ಇಲ್ಲವೇ ಆಮೇಲೆ ಕೆಡಬೇಕು. ನನಗೆ ಎರಡೂ ಆಯಿತು.

ಆ ಬಾಟಲಿಗಳಲ್ಲಿ ಮುಕ್ಕಾಲು ಪಾಲು ದಂಡ. ಡ್ಯಾಶ್‌ಬೋರ್ಡಿಗೆ ಹಚ್ಚುವ ಮಿಂಚಿನ ಎಣ್ಣೆ ಮೊದಲ ದಿನ ಫಳಫಳ ಎನ್ನುತ್ತದೆ, ಎರಡನೆಯ ದಿನ ಊರಿನ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ. ಕನ್ನಡಿಗೆ ತೂಗುಹಾಕುವ ಸೆಂಟಂತೂ ಕಾರಿನ ವಾಸನೆಯನ್ನು ಹೋಗಲಾಡಿಸುವುದಿಲ್ಲ, ಅದಕ್ಕೆ ಜೊತೆಗಾರನನ್ನು ತಂದುಕೊಡುತ್ತದೆ. ನಿಜವಾಗಿ ಕೆಲಸಕ್ಕೆ ಬಂದದ್ದು ಯಾರೂ ಹೊಗಳದ ವಸ್ತುಗಳು. ಏಸಿಯ ಕಿಂಡಿಗಳಲ್ಲಿ ಕೂತ ಹೊಟ್ಟು ತೆಗೆಯಲು ಗಡ್ಡಕ್ಕೆ ಸೋಪು ಹಚ್ಚುವ ಬ್ರಶ್ಶಿಗಿಂತ ಒಳ್ಳೆಯದು ಈ ಭೂಮಿಯ ಮೇಲಿಲ್ಲ. ಇನ್ನೊಂದು, ಎರಡನೆಯ ಬಕೆಟ್ಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಒಂದೇ ಬಕೆಟ್ಟಿನಲ್ಲಿ ತೊಳೆಯುವವರು ಹೋದ ಮಣ್ಣನ್ನು ಮತ್ತೆ ತಂದು ಕಾರಿಗೇ ಉಜ್ಜುತ್ತಾರೆ, ಆಮೇಲೆ ಗೀರು ಎಲ್ಲಿಂದ ಬಂತು ಎಂದು ಪಕ್ಕದ ಮನೆಯ ಮಕ್ಕಳನ್ನು ಬೈಯುತ್ತಾರೆ.

ಮೂರನೆಯದು ಕ್ಲೇ ಎಂಬ ಜಿಗುಟು ಮಣ್ಣು. ತೊಳೆದ ಮೇಲೆ ಕೈಗೊಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದರೆ ಕಣ್ಣಿಗೆ ಕಾಣದ ಹರಳು ಹರಳು ಕೈಗೆ ಸಿಗುತ್ತದೆ. ಆಗ ಕ್ಲೇಯನ್ನು ಚಪಾತಿ ಕಣಕದ ಹಾಗೆ ನಾದಿ, ನೀರು ಚಿಮುಕಿಸಿ ಮೆಲ್ಲಗೆ ಉಜ್ಜಬೇಕು. ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಾಗುತ್ತದೆ ಎಂಬುದು ನಾನು ಕಲಿತ ದೊಡ್ಡ ಪಾಠ. ಅದನ್ನು ನಾನೇ ಮರೆತು ಕೆಟ್ಟೆ.

ನಾವಿರುವುದು ಕಲಬುರಗಿಯ ರೋಜಾ ಬಡಾವಣೆಯಲ್ಲಿ. ಪಕ್ಕದ ಮನೆಯ ಚಾಚಾ ಒಂದು ಕಾಲಕ್ಕೆ ದರ್ಗಾಕ್ಕೆ ಬಂದವರನ್ನು ಬಾಡಿಗೆ ಕಾರಿನಲ್ಲಿ ಸುತ್ತಿಸಿದವರು. ನಾನು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರುವುದನ್ನು ನೋಡಿ, "ಡಾಕ್ಟರ್ ಸಾಬ್, ನಾಡಿ ಸಿಗ್ತದೇನ್ರೀ?" ಎಂದು ಕೇಳಿದ್ದರು. ಮಳೆಯಲ್ಲಿ ವೈಪರ್ ಕೈಕೊಟ್ಟರೆ ಬೀಡಿ ಹರಿದು ತಂಬಾಕನ್ನು ಗಾಜಿಗೆ ತಿಕ್ಕಿ, ನೀರು ನಿಲ್ಲುವುದಿಲ್ಲ ಎಂದು ಹೇಳಿಕೊಟ್ಟವರೂ ಅವರೇ. ತಿಕ್ಕಿ ನೋಡಿದೆ. ನನ್ನ ದುಬಾರಿ ಬಾಟಲಿಯ ಮುಂದೆ ಬೀಡಿ ತಲೆ ತಗ್ಗಿಸಲಿಲ್ಲ.

ಇಷ್ಟೆಲ್ಲ ಪಾಂಡಿತ್ಯದ ನಡುವೆ ನನ್ನ ಕಾರಿನಲ್ಲಿ ಕೂರದವಳು ಒಬ್ಬಳೇ ಒಬ್ಬಳು, ಕಮಲಾಪುರದ ನನ್ನ ಅಕ್ಕ. ತಪ್ಪು ನನ್ನದು. ಕಾರು ಕೊಂಡ ಹೊಸತರಲ್ಲಿ ಅವಳನ್ನು ಕಲಬುರಗಿಗೆ ಕರೆತರಲು ಹೋಗಿದ್ದೆ. ತೋಟದಿಂದ ನೇರ ಬಂದವಳು ಒಂದು ಕೈಯಲ್ಲಿ ಕೆಂಬಾಳೆಯ ಗೊನೆ ಹಿಡಿದು, ಕೆಸರು ಮೆತ್ತಿದ ಚಪ್ಪಲಿಯಲ್ಲೇ ಬಾಗಿಲ ಬಳಿ ನಿಂತಳು. ನನ್ನ ಬಾಯಿಂದ ಬಂದ ಮೊದಲ ಮಾತು ಇದು.

"ಅಕ್ಕಾ, ಚಪ್ಪಲಿ ಹೊರಗೇ ಬಿಡು. ಗೊನಿ ಬ್ಯಾಡ, ಸೀಟಿಗೆ ಸೊನಿ ಹತ್ತಿದ್ರ ಹೋಗಂಗಿಲ್ಲ."

ಅಕ್ಕ ಚಪ್ಪಲಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ನೀ ಹೋಗಪಾ. ನಾ ಬಸ್ಸಿಗೆ ಬರ್ತೀನಿ. ಕಂಡಕ್ಟರ್ ಚಪ್ಪಲಿ ಬಿಡು ಅನ್ನಂಗಿಲ್ಲ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ಅವತ್ತಿನಿಂದ ಹನ್ನೊಂದು ತಿಂಗಳು ಅವಳು ನಮ್ಮ ಮನೆಗೆ ಬಂದದ್ದು ಬಸ್ಸಿನಲ್ಲೇ. ಬಂದಾಗ ಚೆನ್ನಾಗಿಯೇ ಮಾತಾಡುತ್ತಿದ್ದಳು, ಊಟ ಮಾಡುತ್ತಿದ್ದಳು, ನನ್ನ ಹೆಂಡತಿಯ ಜೊತೆ ನಗುತ್ತಿದ್ದಳು. ಬಿಡಲು ಬರುತ್ತೇನೆ ಎಂದರೆ ಮಾತ್ರ ಆಟೋ ಕರೆ ಎನ್ನುತ್ತಿದ್ದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಗೆ ನಾನು ಇನ್ನೂ ಎರಡು ಬಾಟಲಿ ಕೊಂಡೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ದಸರೆಯ ಪೂಜೆಗೆ ಗಾಡಿಯ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಅರಿಶಿನದಲ್ಲಿ ಅದ್ದಿದ ಕೈ ಒತ್ತಬೇಕು. ಆ ಕೈಯನ್ನು ಯಾರೂ ಒರೆಸಬಾರದು, ಬಿಸಿಲಿಗೆ ತಾನಾಗಿಯೇ ಹೋಗಬೇಕು. ಅವ್ವ ತೀರಿಕೊಂಡ ಮೇಲೆ ಆ ಹಿರಿತನ ಅಕ್ಕನದು. ಈ ಸಲದ ದಸರೆಗೆ ಕಾರನ್ನು ತೊಳೆದು ಹೊಳೆಯಿಸಿ ಕಮಲಾಪುರಕ್ಕೆ ಒಯ್ದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಟ್ಟಲಿನಲ್ಲಿ ಅರಿಶಿನ ಕಲಸಿದಳು. ಮೂಲೆಯಲ್ಲೆಲ್ಲೋ ಸಣ್ಣದಾಗಿ ಒತ್ತುತ್ತಾಳೆಂದು ನಾನು ಆಸೆಪಟ್ಟಿದ್ದೆ. ಬಾನೆಟ್ಟಿನ ನಟ್ಟನಡುವೆ, ಮೈಭಾರ ಬಿಟ್ಟು ಒತ್ತಿದಳು. ಐದು ಬೆರಳೂ ಮೂಡಿದವು. ಅವಳ ಕಿರುಬೆರಳು ಹಳೆಯ ಪೆಟ್ಟಿನಿಂದ ಹೊರಕ್ಕೆ ಸೊಟ್ಟಗಿದೆ, ಅದೂ ಹಾಗೆಯೇ ಮೂಡಿತು.

"ಒರಸಬ್ಯಾಡ ಮತ್ತ" ಎಂದಳು.

"ಹೇ, ಇಲ್ಲ" ಎಂದೆ.

ಮನೆಗೆ ಬಂದವನೇ ಒರೆಸಿದೆ. ಬಣ್ಣಕ್ಕೆ ಅರಿಶಿನ ಇಳಿದುಬಿಟ್ಟರೆ ಎಂಬ ದಿಗಿಲು ನನ್ನನ್ನು ಇಪ್ಪತ್ತು ನಿಮಿಷವೂ ಸುಮ್ಮನೆ ಕೂರಲು ಬಿಡಲಿಲ್ಲ. ಮೆತ್ತಗಿನ ಕಾರ್ ಶಾಂಪೂ ಎದುರಿಗೇ ಇತ್ತು. ಪಾಪ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೂ ಹಿಡಿಯಲಿಲ್ಲ. ಎಲ್ಲ ಕಲೆಗೂ ಒಂದೇ ಮದ್ದು ಎಂದು ಬರೆದಿದ್ದ ಕಟು ಸೋಪಿನ ಬಾಟಲಿ ತೆಗೆದು ಚಿಮುಕಿಸಿದೆ. ಹಳದಿ ಕೈ ಕಣ್ಣೆದುರೇ ಕೆಂಪಾಯಿತು. ಉಜ್ಜಿದೆ, ಇನ್ನಷ್ಟು ಕೆಂಪಾಯಿತು.

ಚಾಚಾ ಗೇಟಿನಿಂದಲೇ ಕೂಗಿದರು. "ಅರೆ ಭಾಯಿ, ಯಾರಿಗರೆ ಡಿಕ್ಕಿ ಹೊಡದ್ರೇನು?"

ಹೆಂಡತಿ ಹೊರಗೆ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಅರಿಶಿಣಕ್ಕ ಸುಣ್ಣ ಹಾಕಿ ಆರತಿ ನೀರು ಕೆಂಪ ಮಾಡೋದು ನೋಡಿಲ್ಲೇನು ನೀವು? ಸುಣ್ಣಾದ್ರೇನು, ಸೋಪಾದ್ರೇನು!" ಹುಟ್ಟಿದಾಗಿನಿಂದ ಎಷ್ಟು ಆರತಿಗಳಲ್ಲಿ ಆ ಕೆಂಪು ನೀರು ನೋಡಿಲ್ಲ ನಾನು! ಡಿಕ್ಕಿ ತುಂಬ ಬಾಟಲಿ ಇಟ್ಟುಕೊಂಡ ಪಂಡಿತನಿಗೆ ಅದು ಹೊಳೆದಿರಲಿಲ್ಲ. ಅವಳೇ ಒಂದು ನಿಂಬೆಹಣ್ಣು ಕೊಯ್ದು ಕೊಟ್ಟಳು. ಹಿಂಡಿದ ಕೂಡಲೇ ಕೆಂಪು ಮತ್ತೆ ಹಳದಿಯಾಯಿತು. ಆದರೆ ಕೈ ಮಾತ್ರ ಕೈಯಾಗಿ ಉಳಿಯಲಿಲ್ಲ, ಹಳದಿ ಮೋಡವಾಗಿತ್ತು.

ಆಗಲೇ ಅಕ್ಕನ ಫೋನು ಬಂತು. "ತಮ್ಮಾ, ನನ್ನ ಕೈ ಬಿದ್ದದ, ಇನ್ನ ಅದು ನಮ್ಮನಿ ಗಾಡಿ. ನಾಳಿ ಬಾ. ಕಣ್ಣಿನ ಡಾಕ್ಟರಿಗೆ ತೋರಸಬೇಕು, ನಿನ್ನ ಕಾರಿನಾಗೇ ಬರ್ತೀನಿ."

ಹನ್ನೊಂದು ತಿಂಗಳು ಯಾವ ಮಾತಿಗೆ ಕಾದಿದ್ದೆನೋ ಆ ಮಾತು ಬಂದಿತ್ತು, ಮತ್ತು ಬಾನೆಟ್ಟಿನ ಮೇಲೆ ಅವಳ ಕೈ ಇರಲಿಲ್ಲ. ಬಿಸಿಲಿಗಾದರೂ ಆ ಕಲೆಯನ್ನು ಪೂರ್ತಿ ತೆಗೆಯಲು ದಿನಗಳು ಬೇಕು. ನಾನು ಹೆಚ್ಚು ಯೋಚಿಸಲಿಲ್ಲ. ಅರಿಶಿನ ಕಲಸಿ, ಆ ಮೋಡದ ಮೇಲೆ ನನ್ನದೇ ಬಲಗೈ ಒತ್ತಿದೆ. ಅಕ್ಕನ ಕಣ್ಣು ಮಂಜಾಗಿದೆಯಲ್ಲ, ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡೆ. ಹೆಂಡತಿ "ನಂಗೇನೂ ಗೊತ್ತಿಲ್ಲಪಾ" ಎಂದು ಒಳಗೆ ಹೋದಳು.

ಮರುದಿನ ಕಮಲಾಪುರದಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು, ಚಪ್ಪಲಿ ತೊಳೆದುಕೊಂಡಿದ್ದಳು. ಅವಳು ಕಾರಿನ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಕಾಣಿಸಲಿಲ್ಲವೇನೋ, ಬಗ್ಗಿ ಆ ಹಳದಿ ಗುರುತಿನ ಮೇಲೆ ತನ್ನ ಕೈಯನ್ನೇ ಇಟ್ಟಳು. ನಾಲ್ಕು ಬೆರಳು ಗುರುತಿನೊಳಗೆ ಮುಳುಗಿದವು. ಸೊಟ್ಟ ಕಿರುಬೆರಳು ಹೊರಗೆ, ಮಸಕು ಮೋಡದ ಮೇಲೆ ಉಳಿಯಿತು.

"ಇದ್ಯಾರ ಕೈ?"

"ನಂದು."

"ನಂದೇನಾತು?"

"ತೊಳದೆ ಅಕ್ಕಾ." ಆಮೇಲೆ ಹೇಳಬೇಕಾದದ್ದು ಒಂದೇ ಇತ್ತು, ಅದನ್ನೂ ಹೇಳಿದೆ. "ತಪ್ಪಾತು. ಅವತ್ತು ಚಪ್ಪಲಿದೂ ತಪ್ಪಾತು."

ಅಕ್ಕ ಕೈ ತೆಗೆಯಲಿಲ್ಲ. ಆ ಬೆರಳನ್ನೇ ನೋಡುತ್ತಾ ಹೇಳಿದಳು. "ನಿನ್ನ ಸಾಲಿಗಿ ಕರ್ಕೊಂಡು ಹೋಗೂವಾಗ, ಸೀಟ್ ಹಿಡೀಬೇಕಂತ ಓಡಿ ಹತ್ತಿ, ಬಸ್ಸಿನ ಬಾಗಲಾ ದಪ್ಪಂತ ಹಾಕಿದಿ. ಬೆರಳು ಒಳಗಿತ್ತು. ಅವ್ವ ಕೇಳಿದ್ರ ನಾನೇ ಹಾಕ್ಕೊಂಡೆ ಅಂದೆ. ನಿಂಗ ಇವತ್ತಿನತನ ಒಂದು ಮಾತು ಅಂದಿಲ್ಲ. ನೀ ಚಪ್ಪಲಿಗಿ ಅಂದಿ."

ನನಗೆ ಆ ಬೆರಳು ಹುಟ್ಟಿನಿಂದಲೇ ಹಾಗೆ ಎಂಬಷ್ಟು ರೂಢಿಯಾಗಿತ್ತು. ಹಳೆಯ ಪೆಟ್ಟು ಎಂದಷ್ಟೇ ಗೊತ್ತಿತ್ತು, ಯಾರು ಕೊಟ್ಟದ್ದೆಂದು ಒಂದು ದಿನವೂ ಕೇಳಿರಲಿಲ್ಲ. ಅಕ್ಕ ಒಳಗೆ ಹೋದಳು. ಹಿಂದಿನಿಂದ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತೆ.

ಹೊರಗೆ ಬಂದಾಗ ಅವಳ ಕೈಯಲ್ಲಿ ಆಗಷ್ಟೇ ಕಡಿದ ಕೆಂಬಾಳೆಯ ಗೊನೆ ಇತ್ತು. ದಿಂಡಿನ ತುದಿಯಿಂದ ಸೊನೆ ತೊಟ್ಟಿಕ್ಕುತ್ತಿತ್ತು. ಹಿಂದಿನ ಬಾಗಿಲು ತೆಗೆದು ಅದನ್ನು ನನ್ನ ಸೀಟಿನ ಮೇಲೆ ಮಲಗಿಸಿದಳು. ತಾನೂ ಪಕ್ಕದಲ್ಲಿ ಚಪ್ಪಲಿ ಸಮೇತ ಕೂತು, ಮೂಗು ಮುಚ್ಚಿಕೊಂಡು, "ಏನು ವಾಸನಿ ಇದು! ಕಿಡಕಿ ತಗಿ, ನಡಿ" ಎಂದಳು.

ಬಾಗಿಲು ಹಾಕಲು ಕೈ ಚಾಚಿದೆ. ಹಾಕುವ ಮೊದಲು ಅವಳ ಕೈ ಎಲ್ಲಿದೆ ಎಂದು ನೋಡಿದೆ. ಎರಡೂ ಮಡಿಲಲ್ಲಿದ್ದವು. ಆಮೇಲೆ ಮೆಲ್ಲಗೆ ಹಾಕಿದೆ.