ಒಂದೇ ಡಿಪೋ, ಎರಡು ನೌಕರಿ

ಲೋಹಿತ್‌ಗೆ ಇಪ್ಪತ್ತೊಂಬತ್ತು ವರ್ಷ. ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿ ಅವನ ಮನೆ. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಬಸ್ ಡಿಪೋದಲ್ಲಿ ಅವನು ಎಲೆಕ್ಟ್ರಿಕ್ ಬಸ್ಸಿನ ಡ್ರೈವರ್. ಅದೇ ಡಿಪೋದಲ್ಲಿ ಅವನ ತಂದೆ ದೊಡ್ಡಬೈರಪ್ಪ ಮೂವತ್ಮೂರು ವರ್ಷ ಡೀಸೆಲ್ ಬಸ್ಸು ಓಡಿಸಿ ನಿವೃತ್ತರಾದರು. ಗೇಟು, ಬೇವಿನ ಮರ, ಕ್ಯಾಂಟೀನು ಎಲ್ಲ ಅವೇ. ನೌಕರಿ ಮಾತ್ರ ಬೇರೆ.

ದೊಡ್ಡಬೈರಪ್ಪ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದ್ದು 1986ರಲ್ಲಿ. ಎರಡು ವರ್ಷಕ್ಕೆ ಕಾಯಂ ಆಯಿತು. ಖಾಕಿ ಬಟ್ಟೆ, ಅದರ ಹೊಲಿಗೆ ಕೂಲಿ, ಮನೆಯವರಿಗೆ ಪಾಸು, ವರ್ಷದಿಂದ ವರ್ಷಕ್ಕೆ ಕೂಡಿಡಬಹುದಾದ ರಜೆ ಬಂದವು. ಮೂವತ್ತನಾಲ್ಕನೇ ವಯಸ್ಸಿಗೆ ನೌಕರರ ಸೊಸೈಟಿಯ ಸಾಲದಲ್ಲಿ ಈಗಿನ ಎರಡು ಕೋಣೆಯ ಮನೆ ಕೊಂಡರು. ಆ ಮನೆಯನ್ನು ಲೋಹಿತ್ ತನ್ನ ಸಂಬಳದಲ್ಲಿ ಕೊಳ್ಳುವುದಿರಲಿ, ಅದೇ ಓಣಿಯಲ್ಲಿ ಬಾಡಿಗೆಗೆ ಹಿಡಿಯುವುದೂ ಕಷ್ಟ. ಅಪ್ಪನ ಮನೆಯಲ್ಲಿ ಇದ್ದೇನೆಂದು ಹೇಳುವಾಗ ಅವನ ದನಿ ಸ್ವಲ್ಪ ಇಳಿಯುತ್ತದೆ.

ಡಿಪ್ಲೊಮಾ ಮುಗಿಸಿದ ಮೇಲೆ ಅವನು ಸ್ಕೂಟರ್ ಶೋರೂಮಿನಲ್ಲಿದ್ದ. ಆಮೇಲೆ ಮನೆಮನೆಗೆ ಊಟ ತಲುಪಿಸಿದ, ಒಂದಷ್ಟು ಕಾಲ ಕ್ಯಾಬ್ ಓಡಿಸಿದ. ಎರಡು ವರ್ಷದ ಹಿಂದೆ ಹೆವಿ ಲೈಸೆನ್ಸ್ ಮಾಡಿಸಿ ಇಲ್ಲಿಗೆ ಬಂದ. ಬಸ್ಸುಗಳು ಒಂದು ಖಾಸಗಿ ಕಂಪನಿಯವು, ಡ್ರೈವರ್‌ಗಳೂ ಆ ಕಂಪನಿಯವರೇ. ಡಿಪೋ ಸಾರಿಗೆ ಸಂಸ್ಥೆಯದು, ಕಂಡಕ್ಟರ್‌ಗಳೂ ಸಂಸ್ಥೆಯವರೇ. ಒಂದೇ ಬಸ್ಸಿನಲ್ಲಿ ಟಿಕೆಟ್ ಕೊಡುವವರು ಕಾಯಂ ನೌಕರರು, ಸ್ಟಿಯರಿಂಗ್ ಹಿಡಿದವನು ಹನ್ನೊಂದು ತಿಂಗಳ ಕರಾರಿನವನು. ಪಕ್ಕದ ಕನ್ನಡಿ ಮುರಿದರೆ ಅವನ ಸಂಬಳದಲ್ಲಿ ಹಿಡಿಯುತ್ತಾರೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ರಜೆ ಹಾಕಿದರೆ ಹಾಜರಾತಿ ಭತ್ಯೆ ಇಲ್ಲ.

ಈ ವರ್ಷ ಆ ಎರಡು ರಜೆ ಸಾಲದಾದವು. ಅವನ ಹೆಂಡತಿ ಯಶಶ್ರೀ ಆರು ತಿಂಗಳ ಬಸುರಿ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾಳೆ. ರಕ್ತದೊತ್ತಡ ಏರಿದೆ, ವಾರಕ್ಕೊಮ್ಮೆ ಬಂದು ತೋರಿಸಬೇಕು ಎಂದು ಸರ್ಕಾರಿ ಹೆರಿಗೆ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಅಲ್ಲಿ ನೋಡುವುದು ಬೆಳಿಗ್ಗೆ ಮಾತ್ರ. ಲೋಹಿತ್‌ನದು ಬೆಳಿಗ್ಗೆ ಐದೂವರೆಗೆ ಶುರುವಾಗುವ ಮೊದಲ ಪಾಳಿ. ಹೆರಿಗೆಯವರೆಗೆ ಮಧ್ಯಾಹ್ನದ ಪಾಳಿ ಸಿಕ್ಕರೆ ಸಾಕಿತ್ತು. ಕಂಪನಿಯ ಸೂಪರ್‌ವೈಸರ್ ಕಶ್ಯಪ್‌ನನ್ನು ಎರಡು ಸಲ ಕೇಳಿದ್ದ. ನೋಡೋಣ ಎಂಬ ಉತ್ತರ ಬಂದಿತ್ತು.

ದೊಡ್ಡಬೈರಪ್ಪ ತಾವೇ ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಹೆಂಗಸರೇ ತುಂಬಿರುವ ಆ ಜಾಗಕ್ಕೆ ಮಾವನ ಜೊತೆ ಹೋಗಲು ಯಶಶ್ರೀಗೆ ಮುಜುಗರ. ಅತ್ತೆ ತೀರಿಕೊಂಡು ಆರು ವರ್ಷವಾಗಿದೆ, ತವರಿನಿಂದ ತಾಯಿ ಬರುವುದು ಒಂಬತ್ತನೇ ತಿಂಗಳಿಗೆ. ಬೇಡ ಮಾವ, ಒಬ್ಬಳೇ ಹೋಗ್ತೀನಿ ಅಂದಳು. ಹೋದಳು. ಸಾಲಿನಲ್ಲಿ ಎರಡು ಗಂಟೆ ನಿಂತು ತಲೆ ಸುತ್ತಿ ಕುಳಿತುಬಿಟ್ಟಳು.

ಅಂದು ಸಂಜೆ ಊಟಕ್ಕೆ ಕೂತಾಗ ದೊಡ್ಡಬೈರಪ್ಪ ಮಗನನ್ನು ತರಾಟೆಗೆ ತೆಗೆದುಕೊಂಡರು. "ನಿಮ್ ಪೈಕಿ ಒಬ್ನೂ ಬಾಯ್ಬಿಟ್ಟು ಕೇಳಲ್ಲ. ಮೊಬೈಲ್ನಲ್ಲಿ ಮೆಸೇಜ್ ಹಾಕ್ತೀರ, ಕೈ ಕಟ್ಕೊಂಡು ಕೂತ್ಕೋತೀರ. ಡ್ಯೂಟಿ ಹಂಗೆ ಸಿಗುತ್ತೇನೋ?"

"ನಿನ್ ಕಾಲದ ಡ್ಯೂಟಿ ಅಲ್ಲಪ್ಪ ಇದು," ಅಂದ ಲೋಹಿತ್. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ. ಅದು ಅವನ ತಪ್ಪು ಎಂದು ಆಮೇಲೆ ಅವನಿಗೇ ಅನ್ನಿಸಿತು.

ಮರುದಿನ ಮಗನಿಗೆ ಹೇಳದೆ ದೊಡ್ಡಬೈರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮಾರುಕಟ್ಟೆಯಲ್ಲಿ ಒಂದು ನಿಂಬೆಹಣ್ಣು ಕೊಂಡು ಡಿಪೋಗೆ ಹೋದರು. ಸಾಹೇಬರನ್ನು ಕಾಣಲು ಬರಿಗೈಯಲ್ಲಿ ಹೋಗುವುದು ಅವರ ಕಾಲದಲ್ಲಿ ಇರಲಿಲ್ಲ. ಡಿಪೋ ಮ್ಯಾನೇಜರ್ ವೃಷಭೇಂದ್ರಪ್ಪ ಕಿರಿಯ ಸಹಾಯಕರಾಗಿ ಸೇರಿದ ದಿನದಿಂದ ಅವರನ್ನು ಬಲ್ಲವರು. ಎದ್ದು ನಿಂತು ನಿಂಬೆಹಣ್ಣು ತೆಗೆದುಕೊಂಡರು, ಕಾಫಿ ತರಿಸಿದರು. ಕೊನೆಗೆ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಕಂಪನಿಯ ಕಚೇರಿಗೆ ಕಳಿಸಿದರು: ಚಾಲಕ ಲೋಹಿತ್ ಅವರಿಗೆ ಎರಡನೇ ಪಾಳಿ ನೀಡುವ ಬಗ್ಗೆ ಪರಿಶೀಲಿಸುವುದು. ಮೂವತ್ಮೂರು ವರ್ಷ ಆ ಡಿಪೋದಲ್ಲಿ ಕೆಲಸಗಳು ಆಗಿದ್ದು ಹೀಗೆಯೇ.

ರಾತ್ರಿ ಎಂಟಕ್ಕೆ ಲೋಹಿತ್‌ನ ಮೊಬೈಲಿಗೆ ಸಂದೇಶ ಬಂತು. ನಾಳೆಯಿಂದ ಡ್ಯೂಟಿ ಇಲ್ಲ, ತಿಳಿಸುವವರೆಗೆ ಬರಬೇಡಿ. ಕಾರಣ ಆ ಚೀಟಿ. ಕಂಪನಿಯ ಡ್ರೈವರ್ ಸಂಸ್ಥೆಯ ಅಧಿಕಾರಿಯ ಹತ್ತಿರ ಡ್ಯೂಟಿ ಕೇಳುವಂತಿಲ್ಲ. ಕೇಳಿದರೆ, ನಾಳೆ ತಾನು ಸಂಸ್ಥೆಯ ನೌಕರನೆಂದು ಕೋರ್ಟಿಗೆ ಹೋಗಬಹುದು ಎಂಬ ಭಯ ಕಂಪನಿಗೆ. ಕರಾರಿನ ನಾಲ್ಕನೇ ಪುಟದಲ್ಲಿ ಅದು ಬರೆದಿತ್ತು. ದೊಡ್ಡಬೈರಪ್ಪ ಅಂಥ ಕರಾರನ್ನು ಕಂಡವರಲ್ಲ.

ನಾಲ್ಕು ದಿನ ಲೋಹಿತ್ ಮನೆಯಲ್ಲೇ ಇದ್ದ. ಅಪ್ಪನಿಗೆ ಬೈಯಲಿಲ್ಲ. ಹಳೆಯ ಕ್ಯಾಬ್ ಮಾಲೀಕನಿಗೆ ಫೋನ್ ಮಾಡಿದ. ಐದನೇ ದಿನ ಕಶ್ಯಪ್ ತಂದೆ ಮಗ ಇಬ್ಬರನ್ನೂ ಕರೆಸಿದ. ಅವನಿಗೆ ಇಪ್ಪತ್ತಾರು ವರ್ಷ. ಎದುರಿಗೆ ನಿಂತ ಹಿರಿಯರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಯಾರ ಕಡೆಗೂ ನೋಡದೆ ವಿಷಯ ಹೇಳಿದ. ಮಗನಿಗೆ ತಿಳಿಯದಂತೆ ನಾನೇ ಬಂದಿದ್ದೆ, ನನ್ನದು ತಪ್ಪಾಯಿತು, ಅವನು ಸಂಸ್ಥೆಯ ನೌಕರನಲ್ಲ ಎಂದು ತಂದೆ ಬರೆದುಕೊಡಬೇಕು. ಕೊಟ್ಟರೆ ನಾಳೆಯೇ ಡ್ಯೂಟಿ. ಆದರೆ ಮೊದಲ ಪಾಳಿಯೇ.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನನ್ ಕಾಂಟ್ರ್ಯಾಕ್ಟೂ ಮಾರ್ಚ್‌ವರೆಗೇ ಇರೋದು," ಅಂದ.

ದೊಡ್ಡಬೈರಪ್ಪನವರಿಗೆ ಸರ್ವಿಸ್‌ನಲ್ಲಿ ಮೂರು ಮೆಮೊ ಬಂದಿದ್ದವು. ಮೂರಕ್ಕೂ ಯೂನಿಯನ್ನಿನವರ ಜೊತೆ ಕೂತು ಉತ್ತರ ಬರೆದಿದ್ದರು. ತಪ್ಪಾಯಿತು ಎಂಬ ಪದ ಒಂದರಲ್ಲೂ ಇರಲಿಲ್ಲ.

"ಬರೀಬೇಡಪ್ಪ," ಅಂದ ಲೋಹಿತ್. "ಬಿಟ್ಬಿಡ್ತೀನಿ ಇದನ್ನ."

"ಬಿಟ್ಟು?"

ಕ್ಯಾಬ್ ಮಾಲೀಕ ಇನ್ನೂ ತಿರುಗಿ ಫೋನ್ ಮಾಡಿರಲಿಲ್ಲ.

"ನೀನು ಹೇಳ್ದೆ, ನಾನ್ ಕೇಳ್ಲಿಲ್ಲ. ಇದು ನಿನ್ ಕಾಲದ ಡ್ಯೂಟಿ ಅಲ್ಲ ಅಂದೆ," ಅಂದರು ದೊಡ್ಡಬೈರಪ್ಪ. "ತಪ್ಪಾಗಿರೋದು ನನ್ನಿಂದ್ಲೇ ಕಣೋ. ಬರ್ಕೊಡೋದ್ರಲ್ಲಿ ಸುಳ್ಳೇನಿದೆ?"

ಹಾಳೆ ತೆಗೆದುಕೊಂಡು ದುಂಡಗಿನ ಅಕ್ಷರಗಳಲ್ಲಿ, ಅವಸರವಿಲ್ಲದೆ ಬರೆದರು. ಅವನು ಸಂಸ್ಥೆಯ ನೌಕರನಲ್ಲ ಎಂಬ ಸಾಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಅದನ್ನೂ ಬರೆದು ಸಹಿ ಹಾಕಿದರು.

ಮನೆಗೆ ಬಂದು ಲೋಹಿತ್ ನಡೆದದ್ದನ್ನು ಹೆಂಡತಿಗೆ ಹೇಳಿದ. ಪಾಳಿ ಬದಲಾಗಿಲ್ಲ, ಸೋಮವಾರ ಬೆಳಿಗ್ಗೆ ನಾನು ಬರೋಕಾಗಲ್ಲ ಅಂದ. ಯಶಶ್ರೀ ಆಸ್ಪತ್ರೆಯ ಫೈಲು ತಂದು ಮಾವನ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಸೋಮವಾರ ಏಳಕ್ಕೇ ಹೊರಡ್ಬೇಕು ಮಾವ. ಲೇಟಾದ್ರೆ ಚೀಟಿ ಸಿಗಲ್ಲ. ನೀವು ಸಾಲಲ್ಲಿ ನಿಂತ್ಕೊಳ್ಳಿ, ನಾನು ಕೂತಿರ್ತೀನಿ."

ದೊಡ್ಡಬೈರಪ್ಪ ಕನ್ನಡಕ ಹಾಕಿಕೊಂಡು ಫೈಲು ತೆರೆದರು. ಯಾವ ಕೌಂಟರು, ಎಷ್ಟನೇ ನಂಬರು ಕೋಣೆ ಎಂದು ಕೇಳಿ ತಿಳಿದುಕೊಂಡರು.