ಕಲ್ಲಿನೊಳಗಿನ ಪಾವಣೇರು

ನಮ್ಮ ಬೆಟಗೇರಿಯ ಓಣಿಯಲ್ಲಿ ಉಪ್ಪು ನೀರಿಗೆ ಬರವಿಲ್ಲ. ಬೋರು ಹೊಡೆಸಿದರೆ ಸವಳು ನೀರೇ ಬರುತ್ತದೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವ ನೀರು ನಳದಲ್ಲಿ ಯಾವಾಗ ಬರುತ್ತದೆಂದು ಬಿಡುವವನಿಗೂ ಗೊತ್ತಿರಲಿಕ್ಕಿಲ್ಲ. ಅಂಥ ಊರಿನಲ್ಲಿ ನಾನು ಉಪ್ಪು ಕೊಂಡು ತಂದು, ಒಳ್ಳೆಯ ನೀರಿಗೆ ಅಳೆದು ಹಾಕಿ, ಅದರಲ್ಲಿ ಮೀನು ಸಾಕಲು ಹೊರಟಾಗ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ನೋಡಿದಳು.

"ಸಿಹಿನೀರ ಸಿಗಲಿ ಅಂತ ಊರ ಮಂದಿ ಬಾಯಿಬಾಯಿ ಬಿಡತೈತಿ. ನಮ್ಮಂವಾ ನೋಡ್ರಿ, ರೊಕ್ಕಾ ಕೊಟ್ಟು ನೀರ ಸವಳ ಮಾಡಾಕ ಹತ್ಯಾನ!" ಎಂದು ಎದುರುಮನೆಯವಳಿಗೆ ಕೇಳುವ ಹಾಗೆ ಹೇಳಿದಳು.

ತೊಟ್ಟಿ ನನಗೆ ಬಂದದ್ದು ಪುಕ್ಕಟೆ. ಗದಗಿನಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆಂದು ಬಂದಿದ್ದ ಕರಾವಳಿಯ ಎಂಜಿನಿಯರ್ ಒಬ್ಬರು ನನ್ನ ಗಿರಾಕಿ. ವರ್ಗವಾದಾಗ ಅವರು ಗಾಜಿನ ತೊಟ್ಟಿ, ನೀಲಿ ದೀಪ, ನೀರು ತಿರುಗಿಸುವ ಪಂಪು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಎಲ್ಲವನ್ನೂ ನನ್ನ ಕೈಗಿಟ್ಟು ಹೋದರು. ಒಳಗೆ ಸಮುದ್ರದ ಕಲ್ಲೊಂದು ಇದ್ದರೆ ನೀರು ಕೆಡುವುದಿಲ್ಲ ಎಂದೂ ಹೇಳಿದರು. ಬದನೆಕಾಯಿ ಕೊಳ್ಳುವಾಗಲೂ ಹುಳ ಇಣುಕುತ್ತಿದೆಯೇ ಎಂದು ನೋಡಿ ತರುವ ಮನೆ ನಮ್ಮದು. ಮೀನು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು.

ಕಲ್ಲನ್ನು ಹುಬ್ಬಳ್ಳಿಯ ಮೀನಿನ ಅಂಗಡಿಯಿಂದ ತಂದೆ. ಒದ್ದೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಕೊಟ್ಟಿದ್ದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಚೀಲ ತೂತಾಗಿತ್ತೇನೋ, ನನ್ನ ಪ್ಯಾಂಟು ತೊಯ್ದು ನೀರು ಸೀಟುಗಳ ನಡುವಿನ ದಾರಿಗೆ ಇಳಿಯಿತು.

"ಏನರಿ ಅದು, ಸೋರಾಕ ಹತ್ತೇತಿ?" ಎಂದ ಕಂಡಕ್ಟರ್.

"ಕಲ್ಲರಿ."

"ಕಲ್ಲ ಎಲ್ಲಿಯಾರ ಸೋರತಾವೇನ್ರಿ?"

ಬಸ್ಸೆಲ್ಲ ನಕ್ಕಿತು. ಆ ಕಲ್ಲಿನೊಳಗೆ ಟಿಕೀಟು ತೆಗೆಯದ ಇನ್ನೊಬ್ಬರು ಕೂತಿದ್ದರೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇಲ್ಲಿ ಅವ್ವನ ವಿಷಯ ಹೇಳಬೇಕು. ಹಿರೇವಡ್ಡಟ್ಟಿಯಿಂದ ಮದುವೆಯಾಗಿ ಬಂದವಳು, ಓಣಿಗೆ ನಳ ಬಂದಾಗಿನಿಂದ ನೀರಿನ ಕರೆ ಕೊಡುವವಳು ಅವಳೇ. ನೀರಿಗಿಂತ ಮೊದಲು ನಳದಲ್ಲಿ ಗಾಳಿ ಬರುತ್ತದೆ. ಆ ಸಣ್ಣ ಸಪ್ಪಳ ಎಲ್ಲರಿಗಿಂತ ಮುಂಚೆ ಅವಳ ಕಿವಿಗೆ ಬೀಳುತ್ತಿತ್ತು. "ನೀರ ಬಂದಾವ ಬರ್ರೇ!" ಎಂದು ಅವಳು ಕೂಗಿದರೆ ಮಗ್ಗಗಳು ನಿಲ್ಲುತ್ತಿದ್ದವು, ಒಲೆಗಳು ಆರುತ್ತಿದ್ದವು. ಹೊಸ ನೀರಿಗೆ ಹಳೆಯ ನೀರು ಬೆರೆಯಬಾರದು ಎಂಬುದು ನಮ್ಮ ಓಣಿಯ ಪದ್ಧತಿ. ಕರೆ ಬಿದ್ದ ತಕ್ಷಣ ಮನೆಯಲ್ಲಿದ್ದ ನೀರನ್ನೆಲ್ಲ ಚೆಲ್ಲಿ, ಕೊಡ ತೊಳೆದು, ಆಮೇಲೆ ನಳದ ಕಡೆ ಓಡುವುದು. ಅವ್ವ ಕೂಗಿದಳೆಂದರೆ ನಳ ತಿರುಗಿಸಿ ನೋಡುವ ಮೊದಲೇ ಎಲ್ಲರೂ ಚೆಲ್ಲಿ ಬಿಡುತ್ತಿದ್ದರು. ಅವಳ ಮಾತಿಗೆ ಅಷ್ಟು ತೂಕವಿತ್ತು.

ಹಿಂದಿನ ಬೇಸಿಗೆಯ ಒಂದು ಮಧ್ಯಾಹ್ನ ಅವಳು ಕೂಗಿದಳು. ಓಣಿಯೆಲ್ಲ ನೀರು ಚೆಲ್ಲಿ ಹೊರಗೆ ಬಂತು. ನಳದಲ್ಲಿ ಒಂದು ಹನಿಯೂ ಇರಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವ್ವನೂ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದಳು. ಎಲ್ಲರೂ ಸುಮ್ಮನೆ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಸಲದಿಂದ ನೀರಿನ ಖಬರು ಮೊಬೈಲಿನಲ್ಲಿ ಮನೆಯಿಂದ ಮನೆಗೆ ಹೋಗತೊಡಗಿತು. ಸಾರಿಗೆ ಎರಡೆರಡು ಸಲ ಉಪ್ಪು ಬೀಳುವುದೂ ಶುರುವಾಗಿತ್ತು. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿದೆವು. "ವಯಸ್ಸಿನ ಮರೆವು. ಮುಂದೆ ಇಲ್ಲದ್ದು ಕೇಳಬಹುದು, ಇಲ್ಲದ್ದು ಕಾಣಬಹುದು. ಗಮನ ಇರಲಿ" ಎಂದರು. ಅಂದಿನಿಂದ ಅವ್ವ ಕೂಗುವುದನ್ನು ಬಿಟ್ಟಳು. ತೊಟ್ಟಿ ಬಂದ ಮೇಲೆ ಮಧ್ಯಾಹ್ನವಿಡೀ ಅದರ ಮುಂದೆ ಮಣೆ ಹಾಕಿಕೊಂಡು ಕೂರತೊಡಗಿದಳು.

ಒಂದು ದಿನ ಊಟಕ್ಕೆ ಮನೆಗೆ ಬಂದಾಗ ಹೇಳಿದಳು: "ತಮ್ಮಾ, ಆ ಕಲ್ಲಿನ ತೂತಿನಾಗ ಯಾರೋ ಕುಂತಾರ."

"ಯಾರವ್ವಾ?"

"ಯಾರಂತ ನನಗೇನ ಗೊತ್ತು? ಮಾರಿ ಅಷ್ಟ ಹೊರಗ ಹಾಕ್ಯಾರ. ದಪ್ಪ ತುಟಿ. ಹುಬ್ಬಿನ ಮ್ಯಾಲ ಎರಡ ಸಣ್ಣ ಜುಟ್ಟು. ಪಾವಣೇರು ಕಾಣತಾರ."

ಪಾವಣೇರು ಎಂದರೆ ನಮ್ಮ ಕಡೆ ಮನೆಗೆ ಬಂದ ನೆಂಟರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ನಾನು ಬಗ್ಗಿ ನೋಡಿದೆ. ಕಲ್ಲಿನಲ್ಲಿ ಕಪ್ಪು ತೂತು, ತೂತಿನಲ್ಲಿ ಕತ್ತಲೆ.

"ಹೌದವ್ವಾ," ಎಂದೆ.

"ಹಂಗ ಹೌದ ಅನಬ್ಯಾಡ ನನಗ. ಕೂಸಿಗೆ ಅಂದಂಗ ಅಂತಿ," ಎಂದು ಮುಖ ತಿರುಗಿಸಿದಳು.

ಮರುದಿನ ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿದೆ. ಎಲ್ಲಕ್ಕಿಂತ ಕೆಳಗಿನ ಸಾಲಿನ ಅಕ್ಷರಗಳನ್ನೂ ತಡವರಿಸದೆ ಓದಿದಳು. ಸಂತೋಷಪಡಬೇಕಾದ ನಾನು ಹೆದರಿದೆ. ಕಣ್ಣಿನ ದೋಷವಾಗಿದ್ದರೆ ಅದಕ್ಕೆ ನನ್ನ ಹತ್ತಿರ ಗಾಜಿತ್ತು. ಅವ್ವನಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ಕಣ್ಣಿನ ಅಂಗಡಿ ಇಟ್ಟಾನ, ಇವಗ ಕಣ್ಣ ಮಾತ್ರ ಇಲ್ಲ," ಎಂದು ಅಲ್ಲೇ ಕೂತಿದ್ದ ಗಿರಾಕಿಗೆ ಹೇಳಿ ನಗಿಸಿದಳು. ತಾನು ನಗಲಿಲ್ಲ.

ಆಮೇಲಿನ ಮಧ್ಯಾಹ್ನಗಳಲ್ಲಿ ನಾನೂ ಅವಳ ಪಕ್ಕದಲ್ಲಿ ಕೂರತೊಡಗಿದೆ. ಬಾಗಿಲು ಮುಂದೆ ಮಾಡಿದರೆ ಪಡಸಾಲೆಯಲ್ಲಿ ನೀಲಿ ದೀಪದ ಬೆಳಕೊಂದೇ ಉಳಿಯುತ್ತಿತ್ತು. ಅವ್ವನ ಬಿಳಿ ಸೀರೆ, ಗೋಡೆಯ ಮೇಲಿನ ಅಪ್ಪನ ಫೋಟೋ, ಮೂಲೆಯ ಕೊಡಗಳು, ಎಲ್ಲದರ ಮೇಲೂ ನೀರಿನ ನೆರಳು ಅಲುಗುತ್ತಿತ್ತು. ಹೊರಗೆ ಮಗ್ಗಗಳ ಸಪ್ಪಳ ದೂರದ ಮಳೆಯ ಹಾಗೆ ಕೇಳಿ ನಿದ್ದೆ ತರುತ್ತಿತ್ತು. ಕೂತಲ್ಲೇ ಕಣ್ಣು ಮುಚ್ಚಿದರೆ ನಾನು ಲಕ್ಕುಂಡಿಯ ಬಾವಿಯ ಮೆಟ್ಟಿಲ ಮೇಲೆ ಇರುತ್ತಿದ್ದೆ. ಚಿಕ್ಕವನಿದ್ದಾಗ ಅವ್ವ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಹಸಿರು ನೀರಿನಲ್ಲಿ ಮೀನು ತೋರಿಸು ಎಂದು ಹಟ ಮಾಡಿದ್ದೆ. "ಸುಮ್ನ ಕುಂಡ್ರು. ಅವಸರದಾವರಿಗೆ ಬಾವಿ ಏನೂ ತೋರಸೂದಿಲ್ಲ," ಎಂದಿದ್ದಳು. ಬಹಳ ಹೊತ್ತಿನ ಮೇಲೆ ಆಳದಿಂದ ಏನೋ ಬೆಳ್ಳಗೆ ಮೇಲೆ ಬಂದು ಮತ್ತೆ ಇಳಿದಂತಾಯಿತು. ಅದು ಮೀನೋ ನನ್ನ ಆಸೆಯೋ ಇಂದಿಗೂ ತಿಳಿಯದು. ಎಚ್ಚರವಾದರೆ ಪಕ್ಕದಲ್ಲಿ ಅವ್ವ ಹಾಗೇ ಕೂತಿರುತ್ತಿದ್ದಳು.

"ಈಗಷ್ಟ ಒಳಗ ಹೋದ್ರು," ಎನ್ನುತ್ತಿದ್ದಳು. "ನೀ ಗೊರಕಿ ಹೊಡದಿ, ಅದಕ್ಕ."

ಮೀನಿನ ತಿನಿಸನ್ನು ಒಂದು ಚಿಟಿಕೆ ಆ ತೂತಿನ ಮುಂದೆ ಹಾಕದೆ ಅವಳು ತಾಟಿನ ಮುಂದೆ ಕೂರುತ್ತಿರಲಿಲ್ಲ. ಪಾವಣೇರು ಉಣ್ಣುವ ಮೊದಲು ಮನೆಯವರು ಉಣ್ಣಬಾರದಲ್ಲ. ನನ್ನ ಹೆಂಡತಿ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಒಂದೆರಡು ಸಲ ನೋಡಿದೆ. ಈ ಮನೆಗೆ ಬಂದಾಗ ರೊಟ್ಟಿ ಬಡಿಯುವುದನ್ನು ಕಲಿಸಿದ ಅತ್ತೆ ಅವಳಿಗೆ. ಅವ್ವ ನಮ್ಮಿಂದ ಜಾರಿ ಹೋಗುತ್ತಿದ್ದಾಳೆ ಎಂದು ನನಗೂ ಅವಳಿಗೂ ಅನ್ನಿಸಿತ್ತು.

ಆ ಭಾನುವಾರ ತೊಟ್ಟಿಯ ಗಾಜಿಗೆ ಹತ್ತಿದ ಪಾಚಿ ಕೆರೆಯಲು ಕೂತೆ. ಕಲ್ಲು ಅಡ್ಡ ಬರುತ್ತಿತ್ತು. ಬಕೆಟ್ಟಿಗೆ ತೊಟ್ಟಿಯ ನೀರು ತುಂಬಿ, ಅದರಲ್ಲಿ ಕಲ್ಲು ಮುಳುಗಿಸಿ ಹಿತ್ತಲ ಬಚ್ಚಲ ಹತ್ತಿರ ಇಟ್ಟೆ. ತೊಟ್ಟಿಗೆ ಸೇರಿಸುವ ಶುದ್ಧ ನೀರು ಮುಗಿದಿತ್ತು. ಕ್ಯಾನು ತೆಗೆದುಕೊಂಡು ನೀರಿನ ಘಟಕಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ಓಣಿಯ ತುಂಬ ಕೊಡಗಳ ಸದ್ದು. ನಳ ಬಂದಿತ್ತು. ಮೊಬೈಲಿಗೆ ಖಬರು ಬಂದದ್ದೇ ತಡ, ನನ್ನ ಹೆಂಡತಿ ಪದ್ಧತಿಯಂತೆ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿದ್ದಳು. ಬಕೆಟ್ಟು ಬೋರಲು ಬಿದ್ದಿತ್ತು. ಕಲ್ಲು ಬಿಸಿಲಿನಲ್ಲಿ ಒಣಗುತ್ತಿತ್ತು.

"ಅಯ್ಯ, ಅದು ಮೀನಿನ ನೀರೇನ್ರಿ? ಕೈ ತಾನಽ ಚೆಲ್ಲಿಬಿಡ್ತು," ಎಂದು ಅವಳು ಬಾಯಿಯ ಮೇಲೆ ಕೈಯಿಟ್ಟಳು. "ಅತ್ಯಾರು ಪಾವಣೇರು, ಪಾವಣೇರು ಅಂತ ಒದರಕೋತ ಓಡಿ ಬಂದ್ರು. ನಾ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ."

"ಅವ್ವ ಎಲ್ಲಿ?"

ಅವ್ವ ಪಡಸಾಲೆಯಲ್ಲಿದ್ದಳು. ಸೀರೆ ಮೊಣಕಾಲಿನ ತನಕ ತೊಯ್ದಿತ್ತು. ಕೈಯಲ್ಲಿ ಹಿತ್ತಾಳೆಯ ತಂಬಿಗೆ, ಅದರ ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದಳು. ಗದ್ದಲ ಕೇಳಿ ಬಂದ ಎದುರುಮನೆಯವಳು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬಾ," ಎಂದಳು ಅವ್ವ. "ಈಗರ ನೋಡು."

ಅಂಗೈ ತೆಗೆದಳು. ತಂಬಿಗೆಯ ತಳದಲ್ಲಿ, ಹೆಬ್ಬೆರಳಿನಷ್ಟು ಉದ್ದದ ಕಂದು ಮೀನೊಂದು ಎದೆಯ ರೆಕ್ಕೆಗಳನ್ನು ಊರಿಕೊಂಡು ಕೂತಿತ್ತು. ಮೈಮೇಲೆ ಸಣ್ಣ ಚುಕ್ಕೆ, ದಪ್ಪ ತುಟಿ, ಕಣ್ಣಿನ ಮೇಲೆ ಎರಡು ಜುಟ್ಟು. ನನ್ನನ್ನು ಒಂದು ಕಣ್ಣಿನಿಂದ ನೋಡಿತು; ಆಮೇಲೆ ಇನ್ನೊಂದು ಕಣ್ಣು ಹೊರಳಿಸಿ ನೋಡಿತು.

"ಬಚ್ಚಲ ಮೋರಿ ಹಿಡಿದು ಗಟಾರಕ್ಕ ಹೊಂಟಿದ್ರು," ಎಂದಳು.

ಥಟ್ಟನೆ ಹೆದರಿಕೆಯಾಯಿತು. "ಅವ್ವಾ, ತಂಬಿಗ್ಯಾಗ ಯಾವ ನೀರ ಹಾಕಿದಿ? ನಳದ್ದೇನು?"

ಅವ್ವ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ತೊಟ್ಟ್ಯಾಗಿಂದು. ಉಪ್ಪಿಂದು. ನನಗ ಅಷ್ಟೂ ತಿಳಿಯೂದಿಲ್ಲೇನು?"

ಓಣಿಗೆ ಓಣಿಯೇ ಸಿಹಿನೀರಿಗೆ ಓಡುತ್ತಿದ್ದಾಗ ಅವ್ವ ಒಬ್ಬಳೇ ಉಪ್ಪು ನೀರಿಗೆ ಓಡಿದ್ದಳು.

"ಅಯ್ಯ ಆಯೀ, ಖರೇನ ಜುಟ್ಟ ಅದಾವಲ್ರಿ!" ಎಂದು ಎದುರುಮನೆಯವಳು ಕೊಡ ಅಲ್ಲೇ ಇಳಿಸಿ ಒಳಗೆ ಬಂದಳು. ನನ್ನ ಹೆಂಡತಿ ಅವ್ವನ ತೊಯ್ದ ಸೆರಗು ಹಿಂಡುತ್ತ ಬಿಕ್ಕಿ ಬಿಕ್ಕಿ ಅತ್ತಳು. ಕಲ್ಲನ್ನು ತೊಟ್ಟಿಗೆ ಇಳಿಸಿದೆ. ಅವ್ವ ತಂಬಿಗೆ ಬಾಗಿಸಿದಳು. ಪಾವಣೇರು ಮರಳಿನ ಮೇಲೆ ಕುಪ್ಪಳಿಸಿ, ಹಿಂದು ಮುಂದಾಗಿ ತಮ್ಮ ತೂತಿಗೆ ಸೇರಿ, ಮುಖವನ್ನಷ್ಟೇ ಹೊರಗಿಟ್ಟರು. ಮನೆಯಲ್ಲಿ ಆ ದಿನ ಯಾರೂ ನೀರು ತುಂಬಲಿಲ್ಲ.

ಎಂಜಿನಿಯರಿಗೆ ಫೋಟೋ ಕಳಿಸಿದೆ. ಇಂಥವು ಕಲ್ಲಿನ ತೂತಿನಲ್ಲಿ ಅಡಗಿ ಯಾರಿಗೂ ಗೊತ್ತಾಗದಂತೆ ಬಂದುಬಿಡುತ್ತವೆ, ಪಾಚಿ ತಿಂದುಕೊಂಡು ಇರುತ್ತವೆ ಎಂದು ಬರೆದರು. ಓಣಿಯವರೆಲ್ಲ ನೋಡಲು ಬಂದರು. ಅವ್ವ ಮಣೆಯ ಮೇಲೆ ನೆಟ್ಟಗೆ ಕೂತು, ಬಂದವರನ್ನು ಸುಮ್ಮನಿರಿಸುತ್ತಿದ್ದಳು: "ಬಾಯಿ ಮಾಡಬ್ಯಾಡ್ರಿ, ಅವರು ನಾಚತಾರ."

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಮೀನು ಸಿಕ್ಕಿತೆಂದು ಮರೆವು ತಿರುಗಿ ಹೋಗುತ್ತದೆಯೇ? ಡಾಕ್ಟರ್ ಹೇಳಿದ್ದೂ ಸುಳ್ಳಾಗಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಅಪ್ಪನಿಗೂ ತಾಟು ಹಾಕತೊಡಗಿದಳು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು.

ಒಂದು ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಓಣಿಯಿಂದ ದನಿ ಬಂತು.

"ನೀರ ಬಂದಾವ ಬರ್ರೇ!"

ಹಿಂದಿನ ದಿನವಷ್ಟೇ ನಳ ಬಂದು ಹೋಗಿತ್ತು. ಮೂಲೆಯ ಕೊಡಗಳು ತುಂಬಿದ್ದವು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮಗ್ಗಗಳು ನಿಲ್ಲಲಿಲ್ಲ. ಅವ್ವ ಇನ್ನೊಮ್ಮೆ ಕೂಗಿದಳು. ಈ ಸಲ ದನಿ ಸಣ್ಣಗಾಗಿತ್ತು. ನಾನು ಎದ್ದು ಒಂದು ತುಂಬಿದ ಕೊಡ ಎತ್ತಿ, ಬಾಗಿಲಲ್ಲಿ ನಿಂತು ಅವಳಿಗೆ ಕಾಣುವ ಹಾಗೆ ನೀರೆಲ್ಲ ಚೆಲ್ಲಿದೆ. ನನ್ನ ಹಿಂದೆ ಹೆಂಡತಿ ಇನ್ನೊಂದು ಕೊಡ ಚೆಲ್ಲಿದಳು. ಸ್ವಲ್ಪ ಹೊತ್ತಿಗೆ ಎದುರುಮನೆಯ ಬಾಗಿಲಲ್ಲೂ ನೀರು ಚೆಲ್ಲಿದ ಸಪ್ಪಳವಾಯಿತು. ಖಾಲಿ ಕೊಡ ಹಿಡಿದು ಮೂವರೂ ನಳದ ಹತ್ತಿರ ಅವ್ವನ ಜೊತೆ ಕೂತೆವು. ಬಿಸಿಲು ಗೋಡೆ ಹತ್ತಿ ಹೋಯಿತು. ನೀರು ಬರಲಿಲ್ಲ.

ಸಂಜೆ ನೀಲಿ ದೀಪದ ಮುಂದೆ ಅವ್ವ ಮೆಲ್ಲಗೆ ಕೇಳಿದಳು: "ತಮ್ಮಾ, ಇವತ್ತ ನೀರ ಬಂದಿದ್ದಿಲ್ಲ, ಹೌದಿಲ್ಲೋ?"

"ಇಲ್ಲವ್ವಾ."

"ಮತ್ತ ತುಂಬಿದ ಕೊಡ ಯಾಕ ಚೆಲ್ಲಿದಿ?"

"ನೀ ಕರದಿ, ಅದಕ್ಕ."

ಅವ್ವ ತೊಟ್ಟಿಯ ಕಡೆ ಬೆರಳು ತೋರಿಸಿದಳು.

"ಇವರರ ಖರೇನ ಅದಾರೋ, ಇಲ್ಲೋ?"

ತೂತಿನಿಂದ ದಪ್ಪ ತುಟಿಯ ಮುಖ ನಮ್ಮಿಬ್ಬರನ್ನೂ ನೋಡುತ್ತಿತ್ತು.

"ಖರೇನ ಅದಾರವ್ವಾ. ನನಗೂ ಕಾಣತಾರ."

"ಹಂಗಾರ ಆತು," ಎಂದು ಅವ್ವ ಒಂದು ಚಿಟಿಕೆ ತಿನಿಸು ಹಾಕಿ, ಊಟಕ್ಕೆ ಎದ್ದಳು.