ಬುಗುರಿಗೆ ಕಟ್ಟಿದ ಚೀಟಿ

ನನ್ನ ಮೇಜಿನ ಮೇಲೊಂದು ಚನ್ನಪಟ್ಟಣದ ಬುಗುರಿ ಇದೆ. ಹಳದಿ ಮೈ, ಸೊಂಟಕ್ಕೆ ಕೆಂಪು ಪಟ್ಟಿ, ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಚೀಟಿ. ಮಾಡಿದವರ ಹೆಸರಿರಬೇಕಾದ ಆ ಚೀಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿವೆ.

ರಾಮನಗರದಲ್ಲಿ ಕೂತು ಸುತ್ತಲಿನ ಸಂಘಗಳ ಕಂಪ್ಯೂಟರುಗಳ ಕಾಯಿಲೆ ನೋಡುವುದು ನನ್ನ ಕಸುಬು, ಗೆಳೆಯರೇ. ಚನ್ನಪಟ್ಟಣದ ಗೊಂಬೆ ಮಾಡುವವರ ಸಂಘವೊಂದಕ್ಕೆ, ಪ್ರತಿ ಗೊಂಬೆಗೂ ಮಾಡಿದವರ ಹೆಸರು ಕಟ್ಟಿ ಮಾರಬೇಕೆಂಬ ಸದ್ಬುದ್ಧಿ ಬಂದು, ಸದಸ್ಯರ ಪಟ್ಟಿಯನ್ನೆಲ್ಲ ಡೇಟಾಬೇಸಿಗೆ ಏರಿಸಿದ್ದರು. ಏರಿಸಿದ ಮಹಾನುಭಾವರು, ಬರುತ್ತಿರುವುದು ಕನ್ನಡವೆಂದು ಅದಕ್ಕೆ ಮೊದಲೇ ಹೇಳಿರಲಿಲ್ಲ. ಹೇಳದಿದ್ದರೆ ಕೆಲವು ಡೇಟಾಬೇಸುಗಳು ರೋಮನ್ ಲಿಪಿಯನ್ನಷ್ಟೇ ಬರಮಾಡಿಕೊಂಡು, ಗುರುತು ಸಿಗದ ಅಕ್ಷರದ ಜಾಗದಲ್ಲೆಲ್ಲ ಒಂದೊಂದು ಪ್ರಶ್ನಾರ್ಥಕ ಕೂರಿಸಿ, ಕೆಲಸ ಸುಸೂತ್ರವಾಯಿತೆಂದು ವರದಿ ಒಪ್ಪಿಸುತ್ತವೆ. ನಮ್ಮ ಎಷ್ಟೋ ಕಚೇರಿಗಳೂ ಹೀಗೆಯೇ ನಡೆಯುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗೌಡರು, ಸಾಹೇಬರು ಎನ್ನದೆ ಎಲ್ಲರನ್ನೂ ಒಂದೇ ಸಾಲಿನ ಪ್ರಶ್ನೆಗಳಾಗಿಸಿದ ಆ ಸಮಭಾವ ಯಾವ ಸಮಾಜ ಸುಧಾರಕರಿಗೂ ಸಾಧ್ಯವಾಗಿರಲಿಕ್ಕಿಲ್ಲ. ಸಂಘದ ಕಾರ್ಯದರ್ಶಿಗಳ ಹೆಸರೊಂದು ಮಾತ್ರ ಇಂಗ್ಲಿಷಿನಲ್ಲಿದ್ದುದರಿಂದ ಶಿಲಾಶಾಸನದಂತೆ ಗಟ್ಟಿಯಾಗಿ ಉಳಿದಿತ್ತು.

ಗಲಾಟೆ ಎತ್ತಿದವರು ನಸೀಮಾ. ಅರ್ಧ ಆಯುಷ್ಯ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿದವರು. ಗೊಂಬೆಗಳು ಮಾತ್ರ ಮೊದಲು ಗಂಡನ ಹೆಸರಿನಲ್ಲಿ, ಆಮೇಲೆ ಮೈದುನನ ಹೆಸರಿನಲ್ಲಿ ಮಾರಾಟವಾದವು. ತಮ್ಮದೇ ಹೆಸರಿನಲ್ಲಿ ಸದಸ್ಯೆಯಾದದ್ದು ಈ ವರ್ಷ. ಮೊದಲ ಚೀಟಿ ನೋಡಲು ಆಸೆಯಿಂದ ಬಂದವರ ಕೈಗೆ ಸಿಕ್ಕಿದ್ದು ಈ ಬುಗುರಿ. ನಾನು ಹೋದಾಗ ಅದನ್ನು ಹಿಡಿದೇ ಕೂತಿದ್ದರು.

"ಇಂಗ್ಲೀಸ್ನಾಗೆ ಹಾಕ್ಬುಟ್ರೆ ಮುಗೀತು ಕಣ್ರೀ, ಇದಕ್ಯಾಕೆ ಇಷ್ಟು ರಾಮಾಯಣ?" ಎಂದರು ಕಾರ್ಯದರ್ಶಿ.

"ನಂಗೆ ಓದಕ್ಕೆ ಬರೋದು ಕನ್ನಡ ಒಂದೇ ಸಾರ್," ಎಂದರು ನಸೀಮಾ. "ನನ್ ಹೆಸ್ರು ನಾನೇ ಓದ್ಬೇಕು."

ಪರಿಹಾರವೇನೂ ಬ್ರಹ್ಮವಿದ್ಯೆಯಲ್ಲ. ಡೇಟಾಬೇಸಿಗೂ, ಅದರೊಳಕ್ಕೆ ಅಕ್ಷರ ಸಾಗುವ ದಾರಿಗೂ, ಇಲ್ಲಿ ಎಲ್ಲ ಲಿಪಿಗಳನ್ನೂ ಬಲ್ಲ ಯೂನಿಕೋಡ್ ಬರುತ್ತದೆಂದು ತಿಳಿಸಬೇಕು, ತಿಳಿಸಿದೆ. ಆದರೆ ಒಮ್ಮೆ ಪ್ರಶ್ನಾರ್ಥಕವಾದ ಅಕ್ಷರ ಮರಳಿ ಬಾರದು, ಮೂಲ ಕಡತದಿಂದ ಮತ್ತೆ ಏರಿಸಬೇಕು. ಅದೆಲ್ಲಿ ಎಂದು ಕೇಳಿದೆ.

"ಒಳೀಕೆ ಏರ್ಸಿದ್ಮೇಲೆ ಅದ್ಯಾಕೆ ಅಂತ, ಆಯುಧಪೂಜೆಗೆ ಕ್ಲೀನ್ ಮಾಡುವಾಗ ಅಳಿಸ್ಬುಟ್ಟೆ," ಎಂದರು ಕಾರ್ಯದರ್ಶಿ. ಹಬ್ಬಕ್ಕೆ ಮನೆ ಗುಡಿಸುವ ಶ್ರದ್ಧೆಯಲ್ಲಿ ಕಂಪ್ಯೂಟರಿನ ಒಳಗನ್ನೂ ಗುಡಿಸಿ, ಖಾಲಿಯಾದ ಯಂತ್ರಕ್ಕೆ ಭಕ್ತಿಯಿಂದ ಕುಂಕುಮ ಇಟ್ಟಿದ್ದರು. ಪರದೆಯ ನೆತ್ತಿಯ ಮೇಲೆ ಅದಿನ್ನೂ ಒಣಗಿಕೊಂಡು ಕೂತಿತ್ತು. ನನಗೆ ನಗು ಬಂತು, ನಸೀಮಾರ ಮುಖ ನೋಡಿ ಸಿಟ್ಟೂ ಬಂತು.

ಕೊನೆಗೆ ಸದಸ್ಯರನ್ನೆಲ್ಲ ಕರೆಸಿ ಹೆಸರು ಕೇಳಬೇಕಾಯಿತು. ಹೆಸರನ್ನು ಅದರ ಒಡೆಯರ ಬಾಯಿಂದಲೇ ಕೇಳುವ ಕಷ್ಟ ಕಾರ್ಯದರ್ಶಿಗಳಿಗೆ ಅದೇ ಮೊದಲು. ನಸೀಮಾ ಮೊದಲು ಕೂತರು. ಹೊಸ ಚೀಟಿ ಹೊರಬಂದಾಗ ಬೆರಳಿಟ್ಟು ಓದಿ, ಮತ್ತೊಮ್ಮೆ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಹಳೆಯ ಚೀಟಿಯ ಬುಗುರಿಯನ್ನು ನನ್ನ ಕೈಗಿಟ್ಟರು. "ಇದು ನಿಮ್ಗೆ ಸಾರ್. ಚೀಟಿ ಕೀಳ್ಬೇಡಿ. ಬಂದೋರು ಯಾರ್ದು ಅಂತ ಕೇಳ್ಲಿ."

ಆದ್ದರಿಂದ ಕಿತ್ತಿಲ್ಲ. ಮೊನ್ನೆ ಕಾರ್ಯದರ್ಶಿಗಳೇ ಮನೆಗೆ ಬಂದು, ಕಾಫಿ ಕುಡಿಯುತ್ತ ಬುಗುರಿಯನ್ನು ಎತ್ತಿ, ಚೀಟಿಯನ್ನು ಆಚೆ ಸರಿಸಿ, "ಭಾರಿ ಚೆನ್ನಾಗೈತಲ್ರೀ, ಯಾರು ಮಾಡಿದ್ದು?" ಎಂದರು.

"ನಸೀಮಾ," ಎಂದೆ, ಒಳಗೆ ಅಡುಗೆಮನೆಗೂ ಕೇಳುವಷ್ಟು ಜೋರಾಗಿ.